ಕಾಂಕಾಲ್‌ನಲ್ಲಿ ಕದ ತೆರೆಯುವ ಕಾಲ

ಬಸ್ಸು ಇಳಿಜಾರಿನ ಕೊನೆಯ ತಿರುವು ದಾಟಿ ಬಂದರಿನ ಎದುರು ನಿಲ್ಲುತ್ತದೆ. ಬಾಗಿಲು ತೆರೆದ ಕೂಡಲೇ ಗಾಳಿ ಒಳನುಗ್ಗುತ್ತದೆ, ಅದರ ಬೆನ್ನಿಗೇ ಉಪ್ಪು, ಪಾಚಿ, ಹಸಿ ಕೆಸರು ಎಲ್ಲ ಸೇರಿದ ವಾಸನೆ. ಬೆಳಿಗ್ಗೆ ಪ್ಯಾರಿಸ್‌ನ ಮೋಂಪಾರ್ನಾಸ್ ನಿಲ್ದಾಣದಲ್ಲಿ ರೈಲು ಹತ್ತಿದ ಗಂಡ ಹೆಂಡತಿ ಸಾಂ-ಮಾಲೋದಲ್ಲಿ ಇಳಿದು, ಬಸ್ಸು ಹಿಡಿದು, ಊಟದ ಹೊತ್ತಿಗೆ ಕಾಂಕಾಲ್‌ನ ಲಾ ಊಲ್ ಬಂದರಿನಲ್ಲಿ ನಿಂತಿದ್ದಾರೆ. ಏಪ್ರಿಲ್ ತಿಂಗಳು. ಬಿಸಿಲಿದೆ, ಆದರೆ ಕೋಟು ಬಿಚ್ಚುವಷ್ಟಿಲ್ಲ. ಶಾಲೆಗಳಿಗೆ ಎರಡು ವಾರದ ವಸಂತದ ರಜೆ. ಆತ ಪ್ಯಾರಿಸ್‌ನ ಒಂದು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ಆಕೆ ಆಸ್ಪತ್ರೆಯಲ್ಲಿ ನರ್ಸು. ಇಬ್ಬರಿಗೂ ಐವತ್ತು ದಾಟಿದೆ.

ಕಾಂಕಾಲ್ ಇರುವುದು ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿ ಪ್ರಾಂತ್ಯದ ಉತ್ತರ ಕರಾವಳಿಯಲ್ಲಿ. ಊರು ಎರಡು ಅಂತಸ್ತಿನದು. ಗುಡ್ಡದ ಮೇಲೆ ಚರ್ಚು, ಸಂತೆ, ಅಂಗಡಿಗಳಿರುವ ಪೇಟೆ. ಕೆಳಗೆ ಬೆಸ್ತರು ಕಟ್ಟಿಕೊಂಡ ಈ ಲಾ ಊಲ್. ಬಂದರು ಪೂರ್ವಕ್ಕೆ ಮುಖ ಮಾಡಿದೆ. ಹಾಗಾಗಿ ಫ್ರಾನ್ಸಿನ ಪಶ್ಚಿಮದ ಈ ತುದಿಯಲ್ಲಿದ್ದೂ ಇಲ್ಲಿ ಸೂರ್ಯ ಹುಟ್ಟುವುದು ನೀರಿನ ಮೇಲೇ. ಬಾನು ತಿಳಿಯಾಗಿದ್ದರೆ ಕೊಲ್ಲಿಯ ಆಚೆ ದಡದಲ್ಲಿ ಮೋಂ ಸಾಂ ಮಿಶೆಲ್ ಮಠದ ಗೋಪುರ ಸಣ್ಣ ಮೊನೆಯಾಗಿ ಕಾಣುತ್ತದೆ.

ಅವರ ಮನೆ ಬಂದರಿನ ಸಾಲಿನಲ್ಲಿಲ್ಲ, ಅದರ ಹಿಂದಿನ ಇಕ್ಕಟ್ಟು ಬೀದಿಯಲ್ಲಿದೆ. ಗ್ರಾನೈಟ್ ಗೋಡೆ, ಸ್ಲೇಟು ಕಲ್ಲಿನ ಮಾಡು, ಕೆಳಗೊಂದು ಕೋಣೆ, ಮೇಲೆರಡು. ಆಕೆಯ ಅಜ್ಜಿ ಇದೇ ಮನೆಯಲ್ಲಿ ಬಾಳಿ, ಇದೇ ಬಂದರಿನಲ್ಲಿ ಆಯ್ಸ್ಟರ್ ಎಂಬ ಕಡಲ ಚಿಪ್ಪುಜೀವಿಯನ್ನು ತೊಳೆದು, ಆರಿಸಿ, ಬುಟ್ಟಿ ತುಂಬಿದವಳು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದ ಮನೆ ಇದು.

ಬೀಗದೊಳಗೆ ಕೀಲಿ ಸುಲಭಕ್ಕೆ ತಿರುಗುವುದಿಲ್ಲ. ಚಳಿಗಾಲದುದ್ದಕ್ಕೂ ಉಪ್ಪುಗಾಳಿ ತಿಂದ ಕಬ್ಬಿಣ ಅದು. ಆತ ಬಾಗಿಲನ್ನು ಹೆಗಲಿನಿಂದ ತುಸು ಎತ್ತಿ ಹಿಡಿಯುತ್ತಾನೆ, ಆಕೆ ಕೀಲಿ ತಿರುಗಿಸುತ್ತಾಳೆ. ಒಳಗೆ ಕತ್ತಲು, ಥಂಡಿ, ಮುಗ್ಗಲು ವಾಸನೆ. ಮೇನ್ ಸ್ವಿಚ್ಚು ಎತ್ತಿದಾಗ ಒಂದೇ ಬಲ್ಬು ಹೊತ್ತಿಕೊಳ್ಳುತ್ತದೆ. ಬಾಗಿಲು ಮುಚ್ಚಿಕೊಳ್ಳದಂತೆ ಕಟ್ಟಿಗೆಯ ತುಂಡು ಸಿಕ್ಕಿಸಿಟ್ಟ ಫ್ರಿಜ್ಜು ಹೋದ ನವೆಂಬರಿನಲ್ಲಿ ಬಿಟ್ಟುಹೋದ ಹಾಗೆಯೇ ಬಾಯಿ ತೆರೆದುಕೊಂಡಿದೆ. ಹಿಮ ಬಿದ್ದರೆ ಪೈಪು ಒಡೆಯಬಾರದೆಂದು ನೀರನ್ನೆಲ್ಲ ಬಸಿದು ಹೋಗಿದ್ದರು. ಈಗ ಆತ ಮೆಟ್ಟಿಲ ಕೆಳಗೆ ಬಗ್ಗಿ ವಾಲ್ವ್ ತಿರುಗಿಸುತ್ತಾನೆ. ಕೊಳವೆಯೊಳಗೆ ಗಾಳಿ ಕೆಮ್ಮುತ್ತದೆ, ನಲ್ಲಿ ಎರಡು ಸಲ ಉಗುಳಿ ಕಂದು ನೀರು ಸುರಿಸುತ್ತದೆ, ಆಮೇಲೆ ತಿಳಿ ನೀರು.

"ಮೇಲಿನ ಹಾಸಿಗೆ ಮುಟ್ಟಿ ನೋಡಿದೆಯಾ?" ಆತ ಕೇಳುತ್ತಾನೆ.

"ಒದ್ದೆ ಇಲ್ಲ. ಆದರೆ ಉತ್ತರದ ಗೋಡೆಗೆ ಮತ್ತೆ ಬೂಷ್ಟು ಬಂದಿದೆ, ಬಂದು ನೋಡು."

ಕಿಟಕಿಯ ಹೊರಪಡಿಗಳನ್ನು ಒಂದೊಂದಾಗಿ ತಳ್ಳುತ್ತಾರೆ. ಮರ ಉಬ್ಬಿದೆ, ಕೀಲು ಕಿರುಗುಡುತ್ತದೆ, ನೀಲಿ ಬಣ್ಣದ ಸಿಪ್ಪೆ ಕೈಗೆ ಅಂಟುತ್ತದೆ. ಬೆಳಕು ನೆಲಕ್ಕೆ ಬಿದ್ದಾಗಲೇ ಚಳಿಗಾಲ ಇಲ್ಲಿ ಮಾಡಿಹೋದ ಕೆಲಸವೆಲ್ಲ ಕಾಣುವುದು. ಈ ರಜೆಯ ದಿನಚರಿ ಏನೆಂಬುದೂ ಆಗಲೇ ತೀರ್ಮಾನವಾಗುತ್ತದೆ: ಬಿಸಿಲಿದ್ದರೆ ಹೊರಪಡಿಗೆ ಬಣ್ಣ, ಮಳೆ ಬಂದರೆ ಒಳಗೋಡೆಯ ಕೆಲಸ, ಕಡಲು ಇಳಿದರೆ ಎಲ್ಲ ಬಿಟ್ಟು ಕಡಲಿಗೆ.

ಕಿಟಕಿ ತೆರೆದ ಸದ್ದು ಬೀದಿಗೆ ಗೊತ್ತಾಗದೆ ಇರುವುದಿಲ್ಲ. ಎದುರು ಮನೆಯ ವೃದ್ಧೆ ಹೊಸಿಲಲ್ಲಿ ನಿಂತು ಕೂಗುತ್ತಾಳೆ. "ಬಂದಿರಾ! ಒಳ್ಳೆಯದಾಯಿತು. ಈ ಬೀದಿಯಲ್ಲಿ ಚಳಿಗಾಲವೆಲ್ಲ ರಾತ್ರಿ ದೀಪ ಇದ್ದದ್ದು ನನ್ನ ಮನೆಯಲ್ಲಿ, ತಿರುವಿನ ಆ ಮನೆಯಲ್ಲಿ. ಅಷ್ಟೇ."

ಆಕೆ ದೂರುವ ದನಿಯಲ್ಲಿ ಹೇಳಿದ್ದಲ್ಲ. ಆದರೆ ಸಂಜೆ ರೊಟ್ಟಿ ತರಲು ಹೊರಟ ದಂಪತಿಯ ಕಣ್ಣು ತಾನಾಗಿ ಕಿಟಕಿಗಳ ಮೇಲೆ ಹರಿಯುತ್ತದೆ. ಮುಚ್ಚಿದ ಪಡಿ, ಮುಚ್ಚಿದ ಪಡಿ, ತೆರೆದದ್ದೊಂದು, ಮತ್ತೆ ಮುಚ್ಚಿದ್ದು. ಫ್ರಾನ್ಸಿನಲ್ಲಿ ಸುಮಾರು 37 ಲಕ್ಷ ಎರಡನೇ ಮನೆಗಳಿವೆ. ದೇಶದ ಪ್ರತಿ ಹತ್ತು ವಸತಿಗಳಲ್ಲಿ ಹೆಚ್ಚುಕಡಿಮೆ ಒಂದು. ಕರಾವಳಿಯ ಊರುಗಳಲ್ಲಿ ಈ ಪಾಲು ಇನ್ನೂ ದೊಡ್ಡದು. ವಾಸದ ಮನೆಗಿದ್ದ ವಸತಿ ತೆರಿಗೆಯನ್ನು ಸರ್ಕಾರ ತೆಗೆದುಹಾಕಿತು, 2023ರಿಂದ ಅದನ್ನು ಕಟ್ಟುವವರು ಎರಡನೇ ಮನೆಯವರು ಮಾತ್ರ. ಮನೆಗಳ ಅಭಾವವಿರುವ ಊರುಗಳ ಪುರಸಭೆಗಳು ಅದರ ಮೇಲೆ ಶೇಕಡಾ 60ರವರೆಗೆ ಹೆಚ್ಚುವರಿ ಹಾಕಬಹುದು. ಪಕ್ಕದ ಸಾಂ-ಮಾಲೋ ನಗರವಂತೂ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮನೆಗಳಿಗೆ 2021ರಲ್ಲಿ ಬಡಾವಣೆವಾರು ಮಿತಿ ಹೇರಿತು. ಊರಲ್ಲೇ ಹುಟ್ಟಿ ಬೆಳೆದವರಿಗೆ ಊರಲ್ಲಿ ಮನೆ ಸಿಗುತ್ತಿಲ್ಲ ಎಂಬ ಕೂಗಿನಿಂದ ಹುಟ್ಟಿದ ನಿಯಮಗಳು ಇವು.

ಹಿಂತಿರುಗುವಾಗ ಆತ ತಂಬಾಕಿನ ಅಂಗಡಿಯಲ್ಲಿ ಅಂಗೈ ಅಗಲದ ಪುಸ್ತಿಕೆ ಕೊಳ್ಳುತ್ತಾನೆ. ಅದು ವರ್ಷದ ಉಬ್ಬರ ಇಳಿತಗಳ ಪಂಚಾಂಗ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಅವುಗಳ ಗಂಟೆ ನಿಮಿಷ, ಪಕ್ಕದಲ್ಲಿ 20ರಿಂದ 120ರೊಳಗಿನ ಒಂದು ಅಂಕ. ಅಂಕ ದೊಡ್ಡದಾದಷ್ಟೂ ಅಂದು ಕಡಲು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಬೆನ್ನಿಗೆ ಅಂಕ ಏರುತ್ತದೆ. ಹಗಲು ಇರುಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಅತಿ ಹೆಚ್ಚು. ಈ ವಾರದ ಒಂದು ದಿನಕ್ಕೆ ನೂರನ್ನು ದಾಟಿದ ಅಂಕವಿದೆ. ಆತ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾನೆ.

ಆ ದಿನ ಮಧ್ಯಾಹ್ನ ಒಂದು ಗಂಟೆಗೆ ಇಬ್ಬರೂ ಗಮ್‌ಬೂಟು ಹಾಕಿ, ಸೈಕಲ್ಲಿಗೆ ಬುಟ್ಟಿ ಕಟ್ಟಿ ಹೊರಡುತ್ತಾರೆ. ಕಡಲು ಪೂರ್ತಿ ಇಳಿಯುವುದು ಮೂರು ಗಂಟೆಯ ಸುಮಾರಿಗೆ. ಅದಕ್ಕೆ ಎರಡು ಗಂಟೆ ಮೊದಲೇ ಹೊರಟು ನೀರಿನ ಹಿಂದೆಯೇ ಇಳಿಯುತ್ತಾ ಹೋಗಬೇಕು ಎಂಬುದು ಇಲ್ಲಿನವರ ಕಟ್ಟುನಿಟ್ಟಿನ ಪಾಠ.

ಬಂದರಿನ ಎದುರು ಕಾಣುವ ನೋಟವನ್ನು ಎಷ್ಟು ಸಲ ಕಂಡರೂ ಅಭ್ಯಾಸವಾಗುವುದಿಲ್ಲ. ಬೆಳಿಗ್ಗೆ ಗೋಡೆಗೆ ಬಡಿಯುತ್ತಿದ್ದ ಸಮುದ್ರ ಈಗ ಅಲ್ಲಿಲ್ಲ. ದೋಣಿಗಳು ಕೆಸರಿನ ಮೇಲೆ ಪಕ್ಕಕ್ಕೆ ಒರಗಿವೆ. ಅವುಗಳ ಆಚೆ, ಬೆಳಿಗ್ಗೆ ನೀರಿನ ತಳವಾಗಿದ್ದ ಜಾಗದಲ್ಲಿ, ಆಯ್ಸ್ಟರ್ ತೋಟಗಳು ಸಾಲುಸಾಲಾಗಿ ಎದ್ದಿವೆ. ಮೊಣಕಾಲೆತ್ತರದ ಕಬ್ಬಿಣದ ಮೇಜುಗಳು, ಅವುಗಳ ಮೇಲೆ ಬಲೆಚೀಲಗಳು, ಚೀಲದ ತುಂಬ ಬೆಳೆಯುತ್ತಿರುವ ಆಯ್ಸ್ಟರ್. ಟ್ರ್ಯಾಕ್ಟರುಗಳು ಕಡಲ ತಳದಲ್ಲೇ ಓಡಾಡುತ್ತಿವೆ. ರಬ್ಬರು ಉಡುಪು ತೊಟ್ಟ ಗಂಡಸರು, ಹೆಂಗಸರು ಚೀಲಗಳನ್ನು ಎತ್ತಿ ಕುಲುಕಿ ಮಗುಚಿ ಹಾಕುತ್ತಿದ್ದಾರೆ. ಮಗುಚದಿದ್ದರೆ ಚಿಪ್ಪುಗಳು ಒಂದಕ್ಕೊಂದು ಅಂಟಿ ಸೊಟ್ಟಗೆ ಬೆಳೆಯುತ್ತವೆ. ಒಂದು ಆಯ್ಸ್ಟರ್ ಮಾರಾಟದ ಗಾತ್ರಕ್ಕೆ ಬರಲು ಸುಮಾರು ಮೂರು ವರ್ಷ ಬೇಕು. ಆ ಮೂರು ವರ್ಷವೂ ಇವರ ಕೆಲಸದ ಹೊತ್ತು ಗೊತ್ತುಮಾಡುವುದು ಆ ಪಂಚಾಂಗವೇ. ಬೆಳಗಿನ ಜಾವ ನಾಲ್ಕಕ್ಕೆ ನೀರು ಇಳಿದರೆ ನಾಲ್ಕಕ್ಕೇ ಕೆಲಸ.

ಈ ಕೊಲ್ಲಿಯಲ್ಲಿ ದೊಡ್ಡ ಉಬ್ಬರದ ದಿನ ಏರಿದ ನೀರಿಗೂ ಇಳಿದ ನೀರಿಗೂ ನಡುವಿನ ಅಂತರ 13 ಮೀಟರ್ ದಾಟುತ್ತದೆ. ಯುರೋಪಿನಲ್ಲೇ ಅತಿ ದೊಡ್ಡ ಏರಿಳಿತಗಳ ಸಾಲಿಗೆ ಸೇರುವಂಥದ್ದು. ಕಾರಣ ಭೂಮಿಯ ಆಕಾರದಲ್ಲಿದೆ. ಅಟ್ಲಾಂಟಿಕ್‌ನಿಂದ ಇಂಗ್ಲಿಷ್ ಕಡಲ್ಗಾಲುವೆಗೆ ನುಗ್ಗಿ ಬರುವ ಉಬ್ಬರಕ್ಕೆ ಕೋತಾಂತಾಂ ಪರ್ಯಾಯದ್ವೀಪ ಅಡ್ಡ ಚಾಚಿಕೊಂಡಿದೆ. ಮುಂದೆ ದಾರಿ ಕಾಣದ ನೀರು ಆಳ ಕಡಿಮೆಯಿರುವ ಈ ಮೂಲೆಯಲ್ಲಿ ಒಟ್ಟಾಗಿ ಎತ್ತರಕ್ಕೇರುತ್ತದೆ. ಈ ಬಲವನ್ನೇ ನಂಬಿ ಫ್ರಾನ್ಸ್ 1966ರಲ್ಲಿ ಸಾಂ-ಮಾಲೋ ಬಳಿ ರಾಂಸ್ ನದಿಯ ಮುಖಕ್ಕೆ ಅಡ್ಡಲಾಗಿ 240 ಮೆಗಾವಾಟ್‌ನ ವಿದ್ಯುತ್ ಸ್ಥಾವರ ಕಟ್ಟಿತು. ಉಬ್ಬರದಿಂದ ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ತೆಗೆದ ಜಗತ್ತಿನ ಮೊದಲ ಸ್ಥಾವರ ಅದು, ಇಂದಿಗೂ ನಡೆಯುತ್ತಿದೆ. ಭೂಗೋಳದ ಮೇಷ್ಟ್ರು ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬಿಡಿಸುತ್ತಾನೆ. ಆದರೆ ಕಾಲ ಕೆಳಗೆ ನೀರು ಸರಿಯುವುದನ್ನು ನೋಡುವಾಗ ಅವನೂ ಮಾತಿಲ್ಲದೆ ನಿಲ್ಲುತ್ತಾನೆ.

ತೋಟಗಳ ಗಡಿಯೊಳಗೆ ಹೊರಗಿನವರು ಕೈ ಹಾಕುವಂತಿಲ್ಲ. ಇವರು ಊರ ಉತ್ತರಕ್ಕಿರುವ ಪೋರ್-ಮೇರ್ ಕಡೆಗೆ ಹೋಗಿ ಬಂಡೆಗಳ ನಡುವೆ ಇಳಿಯುತ್ತಾರೆ. ಅಲ್ಲಾಗಲೇ ಹತ್ತಾರು ಜನ ಬಗ್ಗಿದ್ದಾರೆ. ಮೊಮ್ಮಕ್ಕಳ ಕೈ ಹಿಡಿದ ಅಜ್ಜಂದಿರು, ಕೈಬಲೆ ಹಿಡಿದ ಹುಡುಗಿಯರು, ಯಾರ ಜೊತೆಗೂ ಮಾತಾಡದೆ ತಮ್ಮ ಗುಟ್ಟಿನ ಜಾಗಕ್ಕೆ ನಡೆಯುವ ಹಳಬರು.

ಆಕೆ ಒದ್ದೆ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಕಣ್ಣು ನೆಡುತ್ತಾಳೆ. ಪಕ್ಕಪಕ್ಕ ಎರಡು ಪುಟ್ಟ ತೂತು ಕಂಡರೆ ಕೆಳಗೆ ಮರುವಾಯಿ ಇದೆ ಎಂದರ್ಥ. ಕೈಗೋರೆಯ ತುದಿಯಿಂದ ಮೆಲ್ಲಗೆ ಕೆದರಿ, ಬೆರಳು ತೂರಿಸಿ ಹೊರಗೆ ತೆಗೆಯುತ್ತಾಳೆ. ಜೇಬಿನಿಂದ ಅಳತೆಪಟ್ಟಿ ಬರುತ್ತದೆ. ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಾದರೆ ಇಟ್ಟುಕೊಳ್ಳುವಂತಿಲ್ಲ. ಇದು ಒಂದು ಕೂದಲೆಳೆ ಕಡಿಮೆ. ತೆಗೆದ ಜಾಗದಲ್ಲೇ ಹೂತು ಮೇಲೆ ಮರಳು ಮುಚ್ಚುತ್ತಾಳೆ. ಮುಂದಿನದು ಬುಟ್ಟಿಗೆ ಬೀಳುತ್ತದೆ.

ಆತ ಮೊಣಕಾಲುದ್ದದ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತುತ್ತಾನೆ. ಅಡಿಯಲ್ಲಿ ಒಂದು ಲೋಕವೇ ಇದೆ: ಕಿತ್ತಳೆ ಬಣ್ಣದ ಸ್ಪಂಜು, ಬೆರಳುದ್ದದ ಮೀನು, ಪಾರದರ್ಶಕ ಮೊಟ್ಟೆಗಳ ಗೊಂಚಲು, ಮತ್ತು ಕೆಂಪು ಕಣ್ಣಿನ, ಕಾಲಲ್ಲಿ ನೀಲಿ ಗೆರೆಯ ಒಂದು ಏಡಿ. ಏಡಿ ಎರಡೂ ಚಿಮ್ಮಟ ಎತ್ತಿ ಯುದ್ಧಕ್ಕೆ ಸಿದ್ಧವಾಗುತ್ತದೆ. ಬೆನ್ನು ಆರೂವರೆ ಸೆಂಟಿಮೀಟರ್ ಇಲ್ಲ, ಬಿಟ್ಟುಬಿಡುತ್ತಾನೆ. ಆಮೇಲೆ ಕಲ್ಲನ್ನು ಮೊದಲಿದ್ದಂತೆಯೇ, ಪಾಚಿಯ ಮೈ ಮೇಲೆ ಬರುವಂತೆ, ನಿಧಾನವಾಗಿ ಕೂರಿಸುತ್ತಾನೆ. ಕಲ್ಲನ್ನು ಮಗುಚಿಟ್ಟು ಹೋದರೆ ಬೆಳಕು ಬೇಕಾದ ಪಾಚಿ ಅಡಿಯಲ್ಲಿ ಕೊಳೆಯುತ್ತದೆ, ನೆರಳು ಬೇಕಾದ ಜೀವಗಳು ಮೇಲೆ ಒಣಗಿ ಸಾಯುತ್ತವೆ. ಅದು ಸರಿಹೋಗಲು ವರ್ಷಗಳೇ ಬೇಕು. ಈ ತೀರದ ಸಂಸ್ಕಾರವನ್ನು ಒಂದೇ ಕೆಲಸದಲ್ಲಿ ತೋರಿಸು ಎಂದರೆ ನಾನು ಈ ಕಲ್ಲು ಕೂರಿಸುವುದನ್ನೇ ತೋರಿಸುವೆ.

ಮೂರು ಗಂಟೆ. ನೀರಿನಂಚು ನಿಂತಲ್ಲೇ ನಿಲ್ಲುತ್ತದೆ. ಯಾರೂ ಕೂಗಿ ಹೇಳುವುದಿಲ್ಲ. ಆದರೂ ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿ ದಡದತ್ತ ಹೆಜ್ಜೆ ಹಾಕುತ್ತಾರೆ. ತಿರುಗಿದ ನೀರು ಎದುರಿನಿಂದಷ್ಟೇ ಬರುವುದಿಲ್ಲ, ಮರಳಿನ ತಗ್ಗುಗಳನ್ನು ಹಿಡಿದು ಹಿಂದಿನಿಂದಲೂ ಸುತ್ತಿಕೊಳ್ಳುತ್ತದೆ. ಇನ್ನೊಂದೇ ಕಲ್ಲು ಎಂದು ನಿಲ್ಲುವುದು ಇಲ್ಲಿ ಪ್ರಾಣಕ್ಕೆ ಅಪಾಯ.

ಸಂಜೆ ದೀಪಸ್ತಂಭದ ಬುಡದ ಆಯ್ಸ್ಟರ್ ಸಂತೆಯಲ್ಲಿ ಜನ. ನೀಲಿ ಬಿಳಿ ಪಟ್ಟೆಯ ಚಪ್ಪರಗಳ ಕೆಳಗೆ ಹಲಗೆಗಳ ಮೇಲೆ ರಾಶಿ. ಎರಡು ಜಾತಿ ಇವೆ. ದುಂಡಗೆ ಚಪ್ಪಟೆಯಾದದ್ದು ಈ ಕೊಲ್ಲಿಯ ಮೂಲನಿವಾಸಿ; ಉದ್ದಕ್ಕೆ ಗುಳಿಬಿದ್ದದ್ದು ಪೆಸಿಫಿಕ್‌ನದ್ದು. 1970ರ ದಶಕದಲ್ಲಿ ರೋಗ ಬಡಿದು ಹಿಂದಿನ ತಳಿಗಳು ನಾಶವಾದಾಗ ಇದನ್ನು ತಂದು ಬೆಳೆಸಿದರು, ಈಗ ಹೆಚ್ಚಿನ ವ್ಯಾಪಾರ ಇದರದೇ. ಬೇಸಿಗೆ ಮೊಟ್ಟೆಯ ಕಾಲ, ಆಗ ಆಯ್ಸ್ಟರ್ ಹಾಲುಗಟ್ಟುತ್ತದೆ. ಆದ್ದರಿಂದ ಹಳೆಯ ರೂಢಿಯ ಪ್ರಕಾರ ಏಪ್ರಿಲ್ ಎಂದರೆ ಋತುವಿನ ಕೊನೆಯ ತಿಂಗಳು.

ಅಂಗಡಿಯ ಹುಡುಗ ಎಡಗೈಯಲ್ಲಿ ಮಡಿಸಿದ ಬಟ್ಟೆಯ ಮೇಲೆ ಚಿಪ್ಪಿಟ್ಟು, ಗಿಡ್ಡ ಚಾಕುವಿನ ಮೊನೆಯನ್ನು ಪಕ್ಕದಿಂದ ತೂರಿಸಿ, ಒಳಗಿನ ಸ್ನಾಯು ಕೊಯ್ದು, ಮೇಲಿನ ಚಿಪ್ಪನ್ನು ಎತ್ತಿ ತೆಗೆಯುತ್ತಾನೆ. ಅರ್ಧ ನಿಂಬೆ, ಒಂದು ತಟ್ಟೆ, ಅಷ್ಟೇ. ದಂಪತಿ ಬಂದರಿನ ಮೆಟ್ಟಿಲ ಮೇಲೆ ಕೂತು ಚಿಪ್ಪನ್ನು ತುಟಿಗೆತ್ತುತ್ತಾರೆ. ಮೊದಲು ಉಪ್ಪು, ಆಮೇಲೆ ತಂಪು, ಕೊನೆಗೆ ನಾಲಗೆಯ ತುದಿಯಲ್ಲಿ ಸಣ್ಣ ಸಿಹಿ. ತಿಂದಾದ ಚಿಪ್ಪನ್ನು ಕೆಳಗಿನ ತೀರಕ್ಕೆ ಎಸೆಯುವುದು ಇಲ್ಲಿನ ವಾಡಿಕೆ; ಆ ತೀರವೇ ಚಿಪ್ಪಿನಿಂದ ಬೆಳ್ಳಗಾಗಿದೆ.

ಆಕೆಯ ಅಜ್ಜಿಯ ಕಾಲದ ವಸಂತ ಹೀಗಿರಲಿಲ್ಲ. ಕಾಂಕಾಲ್‌ನ ಗಂಡಸರು ಚಳಿ ಕಳೆಯುತ್ತಿದ್ದಂತೆ ಕಾಡ್ ಮೀನು ಹಿಡಿಯಲು ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡ್ ಕಡೆಗೆ ಹೊರಟರೆ ತಿರುಗಿ ಬರುತ್ತಿದ್ದುದು ಶರತ್ಕಾಲಕ್ಕೆ. ಎಲ್ಲರೂ ಬರುತ್ತಿರಲಿಲ್ಲ. ಮನೆ, ಮಕ್ಕಳು, ಆಯ್ಸ್ಟರ್ ಎಲ್ಲ ಹೆಂಗಸರ ತಲೆಯ ಮೇಲೆ. ಮೇಲಿನ ಪೇಟೆಯ ಚರ್ಚಿನೆದುರು ಆಯ್ಸ್ಟರ್ ತೊಳೆಯುವ ಹೆಂಗಸರ ಪ್ರತಿಮೆ ನಿಂತಿರುವುದು ಅದಕ್ಕೇ. ಕಡಲ ತಳದ ಆಯ್ಸ್ಟರ್ ಬಾಚಲು ವಸಂತದಲ್ಲಿ ಕೆಲವೇ ದಿನ ಅನುಮತಿ ಸಿಗುತ್ತಿತ್ತು. ಬಿಸ್ಕೀನ್ ಎಂಬ ಭಾರೀ ಹಾಯಿದೋಣಿಗಳು ಆಗ ಒಟ್ಟಿಗೆ ಕೊಲ್ಲಿಗೆ ಇಳಿಯುತ್ತಿದ್ದವು. ಅಂಥದ್ದೊಂದನ್ನು ಊರವರು ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿ 1987ರಲ್ಲಿ ನೀರಿಗಿಳಿಸಿದರು. ಇಂದು ಲಾ ಕಾಂಕಾಲೇಸ್ ಎಂಬ ಹೆಸರಿನಲ್ಲಿ ಅದು ಹಾಯಿ ಬಿಚ್ಚುತ್ತದೆ.

"ಹತ್ತಿರದಲ್ಲೇ ಮನೆಯಾ?" ತಟ್ಟೆ ಹಿಂದಿರುಗಿಸುವಾಗ ಆಕೆ ಹುಡುಗನನ್ನು ಕೇಳುತ್ತಾಳೆ.

"ಇಲ್ಲ ಮದಾಮ್, ದೋಲ್‌ನಲ್ಲಿ. ದಿನಾ ಮೊಪೆಡ್ಡಿನಲ್ಲಿ ಬಂದು ಹೋಗ್ತೀನಿ. ಅಕ್ಟೋಬರಿಂದ ಆಯ್ಸ್ಟರ್ ತೋಟದಲ್ಲಿ ಕಲಿಕೆಗೆ ಸೇರಬೇಕು. ರಾತ್ರಿ ಮೂರಕ್ಕೆ ನೀರಿಳಿದರೆ ಅಲ್ಲಿಂದ ಹೇಗೆ ಬರೋದು? ಇಲ್ಲಿ ಒಂದು ಕೋಣೆ ಹುಡುಕ್ತಾ ಇದೀನಿ, ಸಿಕ್ಕಿಲ್ಲ."

ಮರುದಿನ ಇಬ್ಬರೂ ಗ್ರುವಾಂ ಭೂಶಿರದವರೆಗೆ ನಡೆಯುತ್ತಾರೆ. ಕಳ್ಳಸಾಗಣೆ ತಡೆಯಲು ಸುಂಕದ ಕಾವಲುಗಾರರು ತುಳಿದು ಮಾಡಿದ ಕಾಲುದಾರಿ ಇದು, ಈಗ ಬ್ರಿಟನಿಯ ಇಡೀ ತೀರವನ್ನು ಬಳಸಿ ಸುಮಾರು 2000 ಕಿಲೋಮೀಟರ್ ಸಾಗುತ್ತದೆ. ಬಂಡೆಯ ಅಂಚಿಗೆಲ್ಲ ಗಾರ್ಸ್ ಎಂಬ ಮುಳ್ಳುಪೊದೆ ಹಳದಿ ಹೂ ಹೊದ್ದಿದೆ. ಬಿಸಿಲು ಕಾದ ಹೊತ್ತಿನಲ್ಲಿ ಮೂಗು ಹತ್ತಿರ ತಂದರೆ ಆಗಷ್ಟೇ ತುರಿದ ಕೊಬ್ಬರಿಯ ಪರಿಮಳ! ತೆಂಗಿನ ಮರವೇ ಇಲ್ಲದ ಕರಾವಳಿಯಲ್ಲಿ ಈ ಪರಿಮಳ ಕನ್ನಡದ ಮೂಗನ್ನು ನಿಲ್ಲಿಸಿಬಿಡುತ್ತದೆ. ಕೆಳಗೆ ಈಲ್ ದೆ ಲಾಂದ್ ದ್ವೀಪದಲ್ಲಿ ನೀರುಕಾಗೆಗಳು ಗೂಡಿನ ಮೇಲೆ ಕೂತಿವೆ. ಪಕ್ಷಿಗಳಿಗೆ ಮೀಸಲಾದ ಆ ದ್ವೀಪಕ್ಕೆ ಮನುಷ್ಯರು ಕಾಲಿಡುವಂತಿಲ್ಲ.

ದಾರಿ ಹಲವೆಡೆ ದೊಡ್ಡ ಬಂಗಲೆಗಳ ತೋಟದಂಚಿನಲ್ಲೇ ಹಾಯುತ್ತದೆ. ಯಾರೂ ತಡೆಯುವುದಿಲ್ಲ. ಸಮುದ್ರದಂಚಿನ ಖಾಸಗಿ ಜಮೀನಿನಲ್ಲಿ ಮೂರು ಮೀಟರ್ ಪಟ್ಟಿ ಕಾಲ್ನಡಿಗೆಯವರಿಗೆ ಬಿಟ್ಟಿರಬೇಕೆಂದು 1976ರ ಕಾಯ್ದೆ ಹೇಳಿತು. ಊರು ಬೆಳೆದ ಭಾಗದ ಹೊರಗೆ ತೀರದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದೆಂದು 1986ರ ಕಾಯ್ದೆ ಹೇಳಿತು. ಎಷ್ಟೇ ದುಡ್ಡು ಕೊಟ್ಟು ಮನೆ ಕೊಂಡರೂ ಇಲ್ಲಿ ಕಡಲನ್ನು ಕೊಳ್ಳಲಾಗುವುದಿಲ್ಲ.

ಮರಳುವಾಗ ಮೇಲಿನ ಪೇಟೆಯ ಒಂದು ಸಾಂಬಾರ ಮಳಿಗೆ ಹೊಗುತ್ತಾರೆ. ಅದನ್ನು ಕಟ್ಟಿದ ಬಾಣಸಿಗ ಒಲಿವಿಯೇ ರೋಲಾಂಜೇ ಈ ಊರಿನವರೇ. ಅವರ ಹೋಟೆಲಿಗೆ 2006ರಲ್ಲಿ ಮಿಶೆಲಿನ್‌ನ ಮೂರನೇ ನಕ್ಷತ್ರ ಬಂತು, 2008ರಲ್ಲಿ ಅವರೇ ಅದನ್ನು ಬಿಟ್ಟುಕೊಟ್ಟು ಸಾಂಬಾರ ಪದಾರ್ಥಗಳ ಕಡೆ ಹೊರಳಿದರು. ಕಪಾಟಿನಲ್ಲಿ ಕೇರಳದ ಕಾಳುಮೆಣಸಿದೆ. ಭಾರತದೊಂದಿಗೆ ಈ ತೀರದ ನಂಟು ಹೊಸದಲ್ಲ. 1746ರಲ್ಲಿ ಬ್ರಿಟಿಷರಿಂದ ಮದ್ರಾಸನ್ನು ಕಿತ್ತುಕೊಂಡ ನೌಕಾಪತಿ ಲಾ ಬೂರ್ದೊನೆ 1699ರಲ್ಲಿ ಹುಟ್ಟಿದ್ದು ಪಕ್ಕದ ಸಾಂ-ಮಾಲೋದಲ್ಲೇ. ಆ ರಾತ್ರಿ ಮರುವಾಯಿಗೆ ಉಪ್ಪುಬೆಣ್ಣೆಯ ಜೊತೆ ನಮ್ಮ ಘಟ್ಟದ ಮೆಣಸೂ ಬೀಳುತ್ತದೆ.

ರಜೆಯ ಎರಡನೇ ವಾರವೆಲ್ಲ ಹೊರಪಡಿಗಳದ್ದು. ಕೀಲಿನಿಂದ ಬಿಚ್ಚಿ, ಅಂಗಳದ ಮೇಜಿನ ಮೇಲೆ ಮಲಗಿಸಿ, ಹಳೆಯ ಬಣ್ಣ ಕೆರೆದು, ಉಪ್ಪುಕಾಗದ ಹಿಡಿದು ತಿಕ್ಕಿ, ಪ್ರೈಮರ್ ಬಳಿದು, ಒಣಗಿಸಿ, ಮತ್ತೆ ನೀಲಿ ಬಣ್ಣ. ಬ್ರಶ್ಶು ಆಡಿಸುತ್ತಲೇ ಆಕೆ ಮಾತು ತೆಗೆಯುತ್ತಾಳೆ.

"ಆ ಹುಡುಗನಿಗೆ ನಮ್ಮ ಮನೆ ಕೊಟ್ಟರೆ?"

"ಅಕ್ಟೋಬರಿನಿಂದ ಮಾರ್ಚಿನವರೆಗೆ ನಾವಂತೂ ಬರುವುದಿಲ್ಲ," ಆತ ಬ್ರಶ್ಶು ನಿಲ್ಲಿಸಿ ಯೋಚಿಸುತ್ತಾನೆ. "ನವೆಂಬರಿನಲ್ಲಿ ಬಂದರೂ ಬೀಗ ಹಾಕಿ ಹೋಗುವುದಕ್ಕೇ ಬರುವುದಲ್ಲವೇ?"

ಕಾನೂನಿನಲ್ಲಿ ಅದಕ್ಕೆ ದಾರಿಯಿದೆ. 2018ರ ವಸತಿ ಕಾಯ್ದೆ ಒಂದರಿಂದ ಹತ್ತು ತಿಂಗಳ ಅವಧಿಯ ಬಾಡಿಗೆ ಕರಾರನ್ನು ತಂದಿತು. ವಿದ್ಯಾರ್ಥಿಗಳು, ಕೆಲಸ ಕಲಿಯುವವರು, ತಾತ್ಕಾಲಿಕ ನೌಕರಿಗೆ ಬಂದವರು ಅದನ್ನು ಮಾಡಿಕೊಳ್ಳಬಹುದು. ಮನೆಯಲ್ಲಿ ಪೀಠೋಪಕರಣ ಇರಬೇಕು. ಮಾಲೀಕ ಮುಂಗಡ ಠೇವಣಿ ಕೇಳುವಂತಿಲ್ಲ. ಅವಧಿ ಮುಗಿದಾಗ ಮನೆ ಮಾಲೀಕನಿಗೆ ಮರಳುತ್ತದೆ. ಮಾರನೆಯ ಸಂಜೆ ದಂಪತಿ ಸಂತೆಗೆ ಹೋಗುತ್ತಾರೆ, ಹುಡುಗ ಬಂದು ಮನೆ ನೋಡುತ್ತಾನೆ. ಉತ್ತರದ ಗೋಡೆಯ ಬೂಷ್ಟನ್ನೂ ಅವನಿಗೆ ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ದಿನಾ ಒಲೆ ಉರಿದರೆ ಅದು ತಾನೇ ಹೋಗುತ್ತದೆ ಎನ್ನುತ್ತಾಳೆ ಎದುರು ಮನೆಯ ವೃದ್ಧೆ.

ಅಜ್ಜಿಯ ಮನೆಯನ್ನು ಉಳಿಸಿಕೊಳ್ಳುವ ಆಸೆ ದೊಡ್ಡದು, ಅದಕ್ಕಾಗಿ ವರ್ಷವಿಡೀ ತೆರಿಗೆ ಕಟ್ಟಿ, ರಜೆಯೆಲ್ಲ ಬಣ್ಣ ಬಳಿಯುವುದೂ ದೊಡ್ಡದು. ಆದರೆ ಮನೆಯೊಂದು ವರ್ಷದ ಬಹುಪಾಲು ಖಾಲಿ ಬಿದ್ದಿರುವಾಗ ಅದೇ ಊರಿನ ದುಡಿಯುವ ಮಕ್ಕಳು ನೆಲೆಯಿಲ್ಲದೆ ಅಲೆಯಬಾರದು. ರಜೆಯ ಮನೆ ಇರುವವರು, ಅದು ಯಾವ ಕರಾವಳಿಯಲ್ಲೇ ಇರಲಿ, ತಾವು ಬಾರದ ತಿಂಗಳುಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಲಿ. ಆ ತಿಂಗಳುಗಳಿಗೆ ಮನೆ ಬೇಕಾದವರು ಅದೇ ಊರಿನಲ್ಲಿ ಸಿಗುತ್ತಾರೆ.